ಕಿರಾಣಿ ಅಂಗಡಿಯ ಹಿಂದಿನ ಶಾಲೆ

ಮುಂದೆ ಕಿರಾಣಿ ಅಂಗಡಿ, ಹಿಂದೆ ಕಿಟಕಿಯಿಲ್ಲದ ಕೋಣೆ. ಅಮೆರಿಕದ ಸೌತ್ ಕೆರೊಲಿನಾ ರಾಜ್ಯದ ಜಾನ್ಸ್ ಐಲೆಂಡ್ ಎಂಬ ದ್ವೀಪದಲ್ಲಿ 1957ರ ಜನವರಿ 7ರ ರಾತ್ರಿ ಆ ಕೋಣೆಯಲ್ಲಿ ಹದಿನಾಲ್ಕು ಮಂದಿ ಪಾಠಕ್ಕೆ ಕುಳಿತರು. ಎಲ್ಲರೂ ವಯಸ್ಕರು, ಎಲ್ಲರೂ ಕಪ್ಪುಜನ. ಅಂಗಡಿ ಇದ್ದದ್ದು ವ್ಯಾಪಾರಕ್ಕೂ ಹೌದು, ಬಿಳಿಯರ ಕಣ್ಣು ತಪ್ಪಿಸಲಿಕ್ಕೂ ಹೌದು. ಮುಂದೆ ‘ಸಿಟಿಜನ್‌ಶಿಪ್ ಸ್ಕೂಲ್’ ಎಂಬ ಹೆಸರಿನಲ್ಲಿ ಅಮೆರಿಕದ ದಕ್ಷಿಣ ರಾಜ್ಯಗಳ ಹಳ್ಳಿಹಳ್ಳಿಗೆ ಹಬ್ಬಿದ ರಾತ್ರಿಶಾಲೆಯ ಹುಟ್ಟು ಇದು.

ಓದು ಬಾರದವರಿಗೆ ಆಗ ಅಲ್ಲಿ ಮತ ಹಾಕುವುದು ಕನಸಿನ ಮಾತು. ಸೌತ್ ಕೆರೊಲಿನಾದ 1895ರ ಸಂವಿಧಾನವು ಕಪ್ಪುಜನರನ್ನು ಮತಪಟ್ಟಿಯಿಂದ ಹೊರಗಿಡಲೆಂದೇ ಅಕ್ಷರ ಪರೀಕ್ಷೆಯನ್ನು ತಂದಿತ್ತು. ಹೆಸರು ನೋಂದಾಯಿಸಬೇಕಾದರೆ ಅಧಿಕಾರಿಯ ಎದುರು ನಿಂತು ಸಂವಿಧಾನದ ಭಾಗವೊಂದನ್ನು ಓದಿ ತೋರಿಸಬೇಕಿತ್ತು. ಜಾನ್ಸ್ ಐಲೆಂಡ್‌ನಲ್ಲಿ ಪಾಠ ಶುರುವಾಗುವ ಹೊತ್ತಿಗೆ ನಮ್ಮಲ್ಲಿ ಮೊದಲ ಸಾರ್ವತ್ರಿಕ ಚುನಾವಣೆ ಮುಗಿದು ಐದು ವರ್ಷ ಕಳೆದಿತ್ತು. ಎತ್ತು, ಗುಡಿಸಲಿನಂಥ ಚಿಹ್ನೆ ನೋಡಿ ಹೆಬ್ಬೆಟ್ಟಿನವರೂ ಇಲ್ಲಿ ಮತ ಹಾಕಿದ್ದರು. ಆ ಭಾಗ್ಯ ದ್ವೀಪದವರಿಗೆ ಇರಲಿಲ್ಲ.

ಶಾಲೆಯ ಬೇಡಿಕೆ ಹುಟ್ಟಿದ್ದು ಒಂದು ಬಸ್ಸಿನಲ್ಲಿ. ದ್ವೀಪದವರೇ ಆದ ಈಸಾ ಜೆಂಕಿನ್ಸ್ ದಿನಾ ಕೂಲಿಯವರನ್ನೂ ಮನೆಗೆಲಸದವರನ್ನೂ ಚಾರ್ಲ್ಸ್‌ಟನ್ ನಗರಕ್ಕೆ ಕರೆದೊಯ್ಯುತ್ತಿದ್ದರು. ದಾರಿಯುದ್ದಕ್ಕೂ ಸಂವಿಧಾನದ ಸಾಲುಗಳನ್ನು ಹೇಳಿಕೊಡುತ್ತಿದ್ದರು. ಆಲಿಸ್ ವೈನ್ ಎಂಬಾಕೆ ಅದನ್ನು ಕೇಳಿ ಕೇಳಿಯೇ ಬಾಯಿಪಾಠ ಮಾಡಿಕೊಂಡರು. ಆದರೂ ಆಕೆಗೆ ಸಮಾಧಾನವಿಲ್ಲ. ಉರು ಹೊಡೆದದ್ದು ಸಾಲದು, ನಿಜವಾಗಿ ಓದಲು ಕಲಿಸಿ ಎಂದು ಪಟ್ಟು ಹಿಡಿದರು. ಜೆಂಕಿನ್ಸ್ ಆ ಕೋರಿಕೆಯನ್ನು ಟೆನೆಸಿಯ ಬೆಟ್ಟಗಳ ನಡುವಿನ ಹೈಲ್ಯಾಂಡರ್ ಫೋಕ್ ಸ್ಕೂಲ್‌ಗೆ ಮುಟ್ಟಿಸಿದರು.

ಹೈಲ್ಯಾಂಡರನ್ನು ಮೈಲ್ಸ್ ಹಾರ್ಟನ್ ಮತ್ತು ಡಾನ್ ವೆಸ್ಟ್ 1932ರಲ್ಲಿ ಕಟ್ಟಿದ್ದರು. ಅದಕ್ಕೂ ಮುನ್ನ ಹಾರ್ಟನ್ ಡೆನ್ಮಾರ್ಕ್‌ಗೆ ಹೋಗಿ, ರೈತರಿಗಾಗಿ ನಡೆಯುತ್ತಿದ್ದ ಜನತಾ ಶಾಲೆಗಳನ್ನು ನೋಡಿ ಬಂದಿದ್ದರು. ಪರೀಕ್ಷೆಯಿಲ್ಲ, ಪದವಿಯಿಲ್ಲ, ಒಂದೇ ಕಡೆ ಉಳಿದು ಉಂಡು, ಹಾಡಿ, ಚರ್ಚಿಸಿ ಊರಿಗೆ ಮರಳುವ ಪದ್ಧತಿ. ಇದೇ ಡೆನ್ಮಾರ್ಕ್ ಮಾದರಿಯಿಂದ ಸ್ಫೂರ್ತಿ ಪಡೆದು ಮೈಸೂರಿನ ವಯಸ್ಕರ ಶಿಕ್ಷಣ ಸಮಿತಿಯೂ 1940ರ ದಶಕದ ಕೊನೆಗೆ ಹಳ್ಳಿಯ ತರುಣರಿಗಾಗಿ ನಂಜನಗೂಡಿನಲ್ಲಿ ವಿದ್ಯಾಪೀಠ ತೆರೆಯಿತು. ಹೈಲ್ಯಾಂಡರ್‌ನಲ್ಲಿ ಕಾರ್ಯಾಗಾರಗಳ ಹೊಣೆ ಹೊತ್ತಿದ್ದವರು ಸೆಪ್ಟಿಮಾ ಕ್ಲಾರ್ಕ್. ಕಪ್ಪುಜನರ ಹಕ್ಕಿಗಾಗಿ ಹೋರಾಡುವ ಸಂಘದ ಸದಸ್ಯತ್ವ ಬಿಡಲು ಒಪ್ಪದೆ, ನಾಲ್ಕು ದಶಕದ ಮೇಷ್ಟರಿಕೆಯನ್ನೂ ಪಿಂಚಣಿಯನ್ನೂ 1956ರಲ್ಲಿ ಕಳೆದುಕೊಂಡಿದ್ದವರು.

ಪಾಠ ಹೇಳಲು ಯಾರು? ಕ್ಲಾರ್ಕ್ ಮತ್ತು ಹಾರ್ಟನ್ ಶಾಲಾ ಶಿಕ್ಷಕರನ್ನು ಹುಡುಕಲಿಲ್ಲ. ಸರ್ಕಾರಿ ಸಂಬಳದವರಿಗೆ ಕೆಲಸ ಹೋಗುವ ಭಯ. ಜೊತೆಗೆ ದೊಡ್ಡವರನ್ನೂ ಮಕ್ಕಳಂತೆ ಗದರಿಸುವ ಅಭ್ಯಾಸ. ಅವರು ಆರಿಸಿದ್ದು ಬರ್ನಿಸ್ ರಾಬಿನ್ಸನ್ ಅವರನ್ನು. ಈಕೆ ಕ್ಲಾರ್ಕ್ ಅವರ ಹತ್ತಿರದ ನೆಂಟರು. ಕಸುಬು ಕೇಶಾಲಂಕಾರ, ಜೊತೆಗೆ ಹೊಲಿಗೆ. ಗಿರಾಕಿಗಳೆಲ್ಲ ಕಪ್ಪು ಹೆಂಗಸರೇ ಆದ್ದರಿಂದ ಆಕೆಯ ಅನ್ನಕ್ಕೆ ಬಿಳಿಯರು ಕಲ್ಲು ಹಾಕುವಂತಿರಲಿಲ್ಲ. ಪಾಠ ಹೇಳಿದ ಅನುಭವ ಇಲ್ಲ ಎಂಬುದೇ ಆಕೆಯ ಅರ್ಹತೆಯಾಯಿತು.

ರಾಬಿನ್ಸನ್ ಮೊದಲ ದಿನ ಒಯ್ದದ್ದು ಪ್ರಾಥಮಿಕ ಶಾಲೆಯ ಸಾಮಗ್ರಿ. ಅದು ಮಕ್ಕಳಾಟವಾಯಿತು ಎಂದು ಅಲ್ಲೇ ಬದಿಗಿಟ್ಟರು. ನಾನು ಟೀಚರಲ್ಲ, ನೀವೂ ನಾನೂ ಕೂಡಿ ಕಲಿಯೋಣ ಎಂದರು. ನಿಮಗೇನು ಬೇಕು ಎಂದು ಕೇಳಿದರು. ಉತ್ತರಗಳು ಸಾಲಾಗಿ ಬಂದವು. ತಮ್ಮ ಹೆಸರು ಬರೆಯಬೇಕು. ದೂರದ ಮಕ್ಕಳ ಕಾಗದ ಓದಬೇಕು. ಮನಿಯಾರ್ಡರ್ ತುಂಬಬೇಕು. ಕ್ಯಾಟಲಾಗ್ ನೋಡಿ ಸಾಮಾನು ತರಿಸಬೇಕು. ಮತಪಟ್ಟಿಗೆ ಸೇರಬೇಕು. ಪಠ್ಯಕ್ರಮ ಅಷ್ಟೇ.

ರಟ್ಟಿನ ಮೇಲೆ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಟ್ಟರೆ ಅವರು ಅದರ ಮೇಲೆಯೇ ಪೆನ್ಸಿಲ್ ಆಡಿಸಿ ಆಡಿಸಿ ಕೈ ಕುದುರಿಸಿಕೊಳ್ಳುತ್ತಿದ್ದರು. ನೇಗಿಲು ಹಿಡಿದು ಗಟ್ಟಿಯಾದ ಕೈಗಳ ಒತ್ತಿಗೆ ಪೆನ್ಸಿಲ್‌ಗಳು ಪಟಪಟ ಮುರಿಯುತ್ತಿದ್ದವು. ಗೋಡೆಯ ಮೇಲೆ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆ. ಚಳಿಗಾಲದ ಪಾಠ ಮುಗಿಯುವುದರೊಳಗೆ ಎಲ್ಲರೂ ಅದನ್ನು ಓದಬೇಕೆಂಬುದು ರಾಬಿನ್ಸನ್ ಅವರ ಹಟ. ವಾರಕ್ಕೆರಡು ರಾತ್ರಿ, ಎರಡೆರಡು ಗಂಟೆ, ಅದೂ ಹೊಲದ ಕೆಲಸ ಕಡಿಮೆಯಿದ್ದ ತಿಂಗಳುಗಳಲ್ಲಿ. ಲೆಕ್ಕದ ಪಾಠವೂ ಬದುಕಿನದೇ. ಮುಂದೆ ಬಂದ ಅಭ್ಯಾಸ ಪುಸ್ತಕದ ಒಂದು ಲೆಕ್ಕ ಹೀಗಿತ್ತು: ಧರಣಿ ಕುಳಿತ ಹತ್ತು ವಿದ್ಯಾರ್ಥಿಗಳಿಗೆ ತಲಾ 75 ಡಾಲರ್ ದಂಡ ಬಿದ್ದರೆ ಒಟ್ಟು ಎಷ್ಟಾಯಿತು?

ಸುದ್ದಿ ಹರಡಿತು. ಅಕ್ಕಪಕ್ಕದ ವಾಡ್ಮಲಾ, ಎಡಿಸ್ಟೊ ದ್ವೀಪದವರೂ ತಮಗೊಂದು ಶಾಲೆ ಬೇಕೆಂದರು. ಟೆನೆಸಿ ಸರ್ಕಾರ 1959ರಲ್ಲಿ ಹೈಲ್ಯಾಂಡರ್ ಮೇಲೆ ದಾಳಿ ನಡೆಸಿ ಕ್ಲಾರ್ಕ್ ಅವರನ್ನು ಬಂಧಿಸಿತು. 1961ರಲ್ಲಿ ಸಂಸ್ಥೆಯ ಪರವಾನಗಿಯನ್ನೇ ಕಿತ್ತುಕೊಂಡಿತು. ಅಷ್ಟರಲ್ಲಿ ಶಾಲೆಗಳ ಹೊಣೆ ಮಾರ್ಟಿನ್ ಲೂಥರ್ ಕಿಂಗ್ ಅವರ ಸಂಘಟನೆಗೆ ದಾಟಿತ್ತು. ಜಾರ್ಜಿಯಾದ ಡಾರ್ಚೆಸ್ಟರ್ ಕೇಂದ್ರಕ್ಕೆ ಹಳ್ಳಿಹಳ್ಳಿಯಿಂದ ಜನ ಬಂದು, ಕೆಲವೇ ದಿನಗಳ ತರಬೇತಿ ಪಡೆದು, ಊರಿಗೆ ಹೋಗಿ ಚರ್ಚಿನಲ್ಲೋ ಯಾರದೋ ಅಡುಗೆಮನೆಯಲ್ಲೋ ತರಗತಿ ತೆರೆದರು. ಆಯ್ಕೆಗೆ ಪದವಿ ಬೇಕಿರಲಿಲ್ಲ. ಊರವರು ಮಾತು ಕೇಳುವವರಾಗಿದ್ದು, ತಪ್ಪಿಲ್ಲದೆ ಓದಿ ಬರೆಯಬಲ್ಲವರಾದರೆ ಸಾಕು. ಮಿಸಿಸಿಪಿಯ ಹತ್ತಿ ತೋಟದ ದುಡಿಮೆಗಾರ್ತಿ ಫ್ಯಾನಿ ಲೂ ಹೇಮರ್ 1963ರಲ್ಲಿ ಇಂಥದೇ ತರಬೇತಿ ಮುಗಿಸಿ ಮರಳುವಾಗ ಬಂಧನಕ್ಕೊಳಗಾಗಿ ಜೈಲಿನಲ್ಲಿ ಪೆಟ್ಟು ತಿಂದರು. ಮರುವರ್ಷ ಡೆಮಾಕ್ರಟಿಕ್ ಪಕ್ಷದ ಸಮಾವೇಶದಲ್ಲಿ ಅದನ್ನೇ ಹೇಳಿ ದೇಶದ ಬಾಯಿ ಮುಚ್ಚಿಸಿದರು. 1965ರ ಮತದಾನ ಹಕ್ಕು ಕಾಯ್ದೆ ಬಂದ ಮೇಲೆ ದಕ್ಷಿಣದ ಅಕ್ಷರ ಪರೀಕ್ಷೆಗಳು ಮೂಲೆ ಸೇರಿದವು.

ಮತಪಟ್ಟಿಯಲ್ಲಿ ಹೆಸರು ಬಂದ ಮೇಲೂ ದ್ವೀಪದ ಜನ ಸುಮ್ಮನೆ ಕೂರಲಿಲ್ಲ. ಬ್ಯಾಂಕುಗಳು ಸಾಲ ಕೊಡದವರಿಗಾಗಿ ಜೆಂಕಿನ್ಸ್ ಮತ್ತು ಸಂಗಡಿಗರು 1966ರಲ್ಲಿ ಸಹಕಾರಿ ಸಾಲ ಸಂಘ ಕಟ್ಟಿದರು. ಪರವಾನಗಿ ಕಳೆದುಕೊಂಡ ಹೈಲ್ಯಾಂಡರ್ ಕೂಡ ಹೊಸ ಹೆಸರಿನಲ್ಲಿ ಮತ್ತೆ ಎದ್ದು, ಇಂದಿಗೂ ಟೆನೆಸಿಯಲ್ಲೇ ಕೆಲಸ ಮಾಡುತ್ತಿದೆ.

ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗಿದೆ. ಗೆದ್ದವರಿಗೆ ತರಬೇತಿಯೂ ಇದೆ, ಕೈಪಿಡಿಯೂ ಇದೆ. ಆದರೂ ಸಭೆಯಲ್ಲಿ ಹೆಂಡತಿಯ ಪರವಾಗಿ ಮಾತಾಡುವ ಗಂಡ ನಮಗೆ ಅಪರಿಚಿತನಲ್ಲ. ಜಾನ್ಸ್ ಐಲೆಂಡ್‌ನಿಂದ ನಾವು ಕಲಿಯಬೇಕಾದ್ದು ಇಲ್ಲೇ. ಇಂದು ಕಲಿತವಳು ನಾಳೆ ಪಕ್ಕದೂರಿನವಳಿಗೆ ಕಲಿಸಬೇಕು ಎಂಬುದನ್ನು ತರಬೇತಿಯ ಕೊನೆಯ ಪಾಠವಾಗಿಸಿದರೆ, ಬಜೆಟ್ ಪುಟ ಬಿಡಿಸಿ ಪ್ರಶ್ನೆ ಕೇಳುವ ಧೈರ್ಯ ಅವಳಿಗೆ ತಾನಾಗಿಯೇ ಬರುತ್ತದೆ. ನಾಲ್ಕು ಜನರಿಗೆ ಬಿಡಿಸಿ ಹೇಳಿ ಬಂದವಳ ಪರವಾಗಿ ಮಾತಾಡಲು ಗಂಡನೇ ಹಿಂಜರಿಯುತ್ತಾನೆ.