ಹದಿಹರೆಯದವರಲ್ಲಿ ಮಾದಕ ವ್ಯಸನ: ಕಾರಣ ಮತ್ತು ಪರಿಹಾರ

ಕುತೂಹಲ, ಗೆಳೆಯರ ಒತ್ತಾಯ, ಪರೀಕ್ಷೆಯ ಭಯ, ಮನೆಯೊಳಗಿನ ಕಲಹ ಮುಂತಾದವು ಹದಿಹರೆಯದವರು ಮಾದಕ ವಸ್ತುಗಳಿಗೆ ಬಲಿಯಾಗಲು ಮುಖ್ಯ ಕಾರಣಗಳು. ಸಂಯಮ ಮತ್ತು ವಿವೇಚನೆಗೆ ಸಂಬಂಧಿಸಿದ ಮಿದುಳಿನ ಭಾಗವು ಈ ವಯಸ್ಸಿನಲ್ಲಿ ಇನ್ನೂ ಬೆಳೆಯುತ್ತಿರುವುದರಿಂದ ಚಟವು ಬೇಗನೆ ಬೇರೂರುತ್ತದೆ. ಓದಿನಲ್ಲಿ ನಿರಾಸಕ್ತಿ, ನಿದ್ರೆಯ ಏರುಪೇರು, ಅಕಾರಣ ಸಿಡುಕು, ಹಣಕ್ಕಾಗಿ ಸುಳ್ಳು ಹೇಳುವುದು ಕಂಡುಬಂದಲ್ಲಿ ಪಾಲಕರು ಎಚ್ಚರ ವಹಿಸಬೇಕು.

ವ್ಯಸನವು ಚಿಕಿತ್ಸೆಗೆ ಒಳಪಡುವ ಕಾಯಿಲೆ. ಅಪಮಾನಕ್ಕೆ ಅಂಜಿ ಮುಚ್ಚಿಟ್ಟಷ್ಟೂ ಅದು ಉಲ್ಬಣಿಸುತ್ತದೆ. ಮದ್ಯವ್ಯಸನದಿಂದಾಗಿ ಪತಿಯನ್ನು ಕಳೆದುಕೊಂಡ ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈನಲ್ಲಿ (ಅಂದಿನ ಮದರಾಸು) ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್ ಎಂಬ ಚಿಕಿತ್ಸಾ ಸಂಸ್ಥೆಯನ್ನು ಸ್ಥಾಪಿಸಿದರು. ಅಲ್ಲಿನ ಚಿಕಿತ್ಸಾಕ್ರಮದಲ್ಲಿ ವ್ಯಸನಿಯೊಡನೆ ಕುಟುಂಬದವರಿಗೂ ಆಪ್ತಸಲಹೆ ದೊರೆಯುತ್ತದೆ. ಈ ಸೇವೆಗಾಗಿ ಅವರಿಗೆ 1992ರಲ್ಲಿ ಪದ್ಮಶ್ರೀ ಪ್ರಶಸ್ತಿ ಸಂದಿತು.

ಕಾನೂನಿನ ಭಯವೂ ಚಿಕಿತ್ಸೆಗೆ ಅಡ್ಡಿಯಾಗಬೇಕಿಲ್ಲ. ಮಾದಕ ಔಷಧಗಳಿಗೆ ಸಂಬಂಧಿಸಿದ 1985ರ ಅಧಿನಿಯಮದ 64ಎ ಪ್ರಕರಣದ ಮೇರೆಗೆ, ಸೇವನೆಯ ಅಥವಾ ಅಲ್ಪ ಪ್ರಮಾಣದ ಆರೋಪಕ್ಕೆ ಗುರಿಯಾದ ವ್ಯಸನಿಯು ಸ್ವಇಚ್ಛೆಯಿಂದ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ಚಿಕಿತ್ಸೆಯನ್ನು ಪೂರ್ಣವಾಗಿ ಪಡೆದಲ್ಲಿ ಮೊಕದ್ದಮೆಯಿಂದ ರಕ್ಷಣೆಯುಂಟು. ಸಲಹೆಗಾಗಿ 14446 ರಾಷ್ಟ್ರೀಯ ಸಹಾಯವಾಣಿಗೆ ಉಚಿತವಾಗಿ ಕರೆ ಮಾಡಬಹುದು.

ದಂಡನೆಗಿಂತ ಮಕ್ಕಳೊಡನೆ ನಿತ್ಯವೂ ಮನಬಿಚ್ಚಿ ಮಾತನಾಡುವುದೇ ಮೇಲಾದ ತಡೆ.