ಶಿಖರಕ್ಕೆ ಇನ್ನು 200 ಮೀಟರ್

ಪುಣೆಯಲ್ಲಿ ಹತ್ತು ವರ್ಷ ಇದ್ದವರಿಗೆ ಒಂದು ಹಮ್ಮು ಬಂದುಬಿಡುತ್ತದೆ. ಭಾನುವಾರ ಸಿಂಹಗಡ ಹತ್ತಿ, ಪಿಠಲೆ-ಭಾಕರಿ ತಿಂದು ಇಳಿದವರಿಗೆ ಯಾವ ಬೆಟ್ಟವೂ ಲೆಕ್ಕಕ್ಕಿಲ್ಲ! ಹೋದ ಡಿಸೆಂಬರಿನಲ್ಲಿ ಈ ಹಮ್ಮನ್ನು ಹೊತ್ತುಕೊಂಡೇ ಹೆಂಡತಿಯ ಜೊತೆ ಉತ್ತರಾಖಂಡದ ಕೇದಾರಕಂಠಕ್ಕೆ ಹೊರಟೆ.

ಡೆಹ್ರಾಡೂನಿನಿಂದ ಸಾಂಕ್ರಿ ಸುಮಾರು 200 ಕಿ.ಮೀ., ಇಡೀ ದಿನದ ಹಾದಿ. ಚಾರಣ ಶುರುವಾಗುವ ಈ ಹಳ್ಳಿಯೇ ಹೆಚ್ಚುಕಡಿಮೆ ನಮ್ಮ ಮುಳ್ಳಯ್ಯನಗಿರಿಯ ತುದಿಯಷ್ಟು ಎತ್ತರದಲ್ಲಿದೆ. ಶಿಖರ 3,810 ಮೀಟರ್. ಈ ಲೆಕ್ಕ ಮೊದಲೇ ಹಾಕಬೇಕಿತ್ತು.

ಮೊದಲ ದಿನ ಪೈನ್, ಓಕ್ ಮರಗಳ ನಡುವೆ ಹತ್ತಿ ಜೂಡಾ ಕಾ ತಾಲಾಬ್ ತಲುಪಿದೆವು. ಕೆರೆ ಹೆಪ್ಪುಗಟ್ಟಿತ್ತು. ರಾತ್ರಿ ನೀರಿನ ಬಾಟಲಿಯನ್ನು ತಲೆಕೆಳಗಾಗಿ ಇಡಲು ಗೈಡ್ ಹೇಳಿಕೊಟ್ಟ. ಮಂಜುಗಡ್ಡೆ ಮೇಲಿನಿಂದ ಕಟ್ಟುತ್ತಾ ಬರುವುದರಿಂದ ಮುಚ್ಚಳದ ಕಡೆ ನೀರು ಉಳಿದಿರುತ್ತದೆ. ಇಷ್ಟು ವರ್ಷ ಕೋಡ್ ಬರೆದ ತಲೆಗೆ ಇದು ಹೊಳೆದಿರಲಿಲ್ಲ.

ಮರುದಿನ ಬೇಸ್ ಕ್ಯಾಂಪಿನಲ್ಲಿ ತಲೆನೋವು ಶುರುವಾಯಿತು. ಊಟ ಸೇರಲಿಲ್ಲ. ಗೈಡ್ ಕೇಳಿದಾಗ "ಏನಿಲ್ಲ, ಸುಸ್ತು ಅಷ್ಟೇ" ಎಂದೆ. ರಜೆ ಸಿಕ್ಕಿದ್ದೇ ಕಷ್ಟದಲ್ಲಿ, ಶಿಖರ ನೋಡದೆ ಹೇಗೆ ಇಳಿಯುವುದು?

ಬೆಳಗಿನ ಜಾವ ಮೂರಕ್ಕೆ ಬೂಟಿಗೆ ಸ್ಪೈಕ್ಸ್ ಕಟ್ಟಿಕೊಂಡು ಹೊರಟೆವು. ಮುಂದಿನವರ ಹೆಜ್ಜೆಗುರುತಿನಲ್ಲೇ ಹೆಜ್ಜೆ ಇಡಬೇಕು. ನನ್ನ ಕಾಲು ಆ ಗುರುತಿನೊಳಗೆ ಬೀಳುತ್ತಿರಲಿಲ್ಲ. ಎರಡು ಸಲ ಮುಗ್ಗರಿಸಿದ ಮೇಲೆ ಗೈಡ್ ತಡೆದ. ಒಂದು ಹಿಮ್ಮಡಿಗೆ ಇನ್ನೊಂದು ಕಾಲಿನ ಬೆರಳು ತಾಗಿಸುತ್ತಾ ನೇರ ಗೆರೆಯಲ್ಲಿ ಹತ್ತು ಹೆಜ್ಜೆ ನಡೆಯಲು ಹೇಳಿದ. ನಾಲ್ಕನೆಯದಕ್ಕೇ ಎಡಕ್ಕೆ ವಾಲಿ ಹಿಮದಲ್ಲಿ ಕೂತೆ. ತೋಲ ತಪ್ಪಿದರೆ ಮಿದುಳಿನಲ್ಲಿ ಬಾವು ಬರುತ್ತಿರಬಹುದು, ತಕ್ಷಣ ಕೆಳಗಿಳಿಯಬೇಕು ಎಂದ. ಶಿಖರ ಬರೀ 200 ಮೀಟರ್ ಎತ್ತರದಲ್ಲಿತ್ತು. ವಾದಿಸಿದೆ. ಅವನು ಉತ್ತರಿಸದೆ ನನ್ನ ಬ್ಯಾಗನ್ನು ತನ್ನ ಹೆಗಲಿಗೇರಿಸಿ, ನನ್ನ ತೋಳು ಹಿಡಿದು ಇಳಿಯತೊಡಗಿದ. ಹೆಂಡತಿ ಉಳಿದವರ ಜೊತೆ, ಇನ್ನೊಬ್ಬ ಗೈಡ್‌ನ ಹಿಂದೆ ಮೇಲೆ ಹೋದಳು.

ಬೇಸ್ ಕ್ಯಾಂಪಿನಲ್ಲೂ ನಿಲ್ಲಿಸದೆ ಜೂಡಾ ಕಾ ತಾಲಾಬ್‌ವರೆಗೆ ಇಳಿಸಿದ. ಅಷ್ಟರಲ್ಲಿ ತಲೆನೋವು ಅರ್ಧ ಹೋಗಿತ್ತು, ಹಸಿವೂ ಆಗಿತ್ತು.

ಮಧ್ಯಾಹ್ನ ಅವಳು ಬಂದಳು. ಚಳಿಗೆ ಮೊಬೈಲ್ ಆಫ್ ಆಗಿ, ಸ್ವರ್ಗಾರೋಹಿಣಿಯ ಒಂದೇ ಒಂದು ಫೋಟೋ ಸಿಕ್ಕಿತ್ತು. ತೋರಿಸಿ ಪಕ್ಕದಲ್ಲಿ ಕೂತಳು.

"ರಾತ್ರಿಯೆಲ್ಲ ನೀವು ಹೊರಳಾಡ್ತಿದ್ದದ್ದು ನಂಗೆ ಗೊತ್ತಿತ್ತು," ಎಂದಳು. "ಹೇಳಿದ್ರೆ ಇಬ್ರನ್ನೂ ವಾಪಸ್ ಕಳಿಸ್ತಾರೆ ಅಂತ ಸುಮ್ನಿದ್ದೆ."

ನಾನೂ ಅದಕ್ಕೇ ಸುಮ್ಮನಿದ್ದವನು. ಬಿಸಿ ಚಹಾದ ಲೋಟವನ್ನು ಅವಳ ಕಡೆ ಸರಿಸಿದೆ.