ಬಣ್ಣ ಬದಲಿಸುವ ಕಲ್ಲುಗಳು

ಅಲ್ಲಾಳಸಂದ್ರದಲ್ಲಿ ಮನೆ ಕಟ್ಟಲು ಪಾಯ ತೋಡಿದ ಕಡೆ ಬಿದ್ದಿರುವ ಒಂದು ಕಲ್ಲನ್ನು ಎತ್ತಿ ನೋಡಿ. ಬೂದು, ಬಿಳಿ ಪಟ್ಟೆಗಳು ಕಾಣುತ್ತವೆಯೆ? ಹಾಗಿದ್ದರೆ ಅದು ನೈಸ್ ಶಿಲೆ. ಲಾಲ್‌ಬಾಗಿನ ಬಂಡೆಯೂ ಇದೇ ಜಾತಿಯದು. ಅದರ ವಯಸ್ಸು ಸುಮಾರು 300 ಕೋಟಿ ವರ್ಷ!

ಈ ಕಲ್ಲನ್ನು ಕತ್ತಲೆ ಕೋಣೆಯಲ್ಲಿಟ್ಟು, ಅಂಗಡಿಯವರು ಖೋಟಾ ನೋಟು ಪತ್ತೆಗೆ ಬಳಸುವ ನೇರಳೆ ದೀಪ ಹಿಡಿಯಿರಿ. ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಅದೇ ದೀಪವನ್ನು ಅಡುಗೆ ಎಣ್ಣೆಯಲ್ಲಿ ಕಲಸಿದ ಚಿಟಿಕೆ ಅರಿಶಿನಕ್ಕೆ ಹಿಡಿದರೆ ಹಸಿರು ಮಿಶ್ರಿತ ಹಳದಿ ಬೆಳಕು ಬರುತ್ತದೆ. ಏಕೆ?

ಆ ದೀಪದಿಂದ ಕಣ್ಣಿಗೆ ಕಾಣದ ನೇರಳಾತೀತ ಕಿರಣಗಳು ಹೊರಡುತ್ತವೆ. ಕೆಲವು ವಸ್ತುಗಳು ಅವುಗಳನ್ನು ಹೀರಿಕೊಂಡು, ಶಕ್ತಿಯ ಸ್ವಲ್ಪ ಭಾಗವನ್ನು ಶಾಖವಾಗಿ ಕಳೆದುಕೊಂಡು, ಉಳಿದದ್ದನ್ನು ಕಾಣುವ ಬೆಳಕಾಗಿ ಹೊರಬಿಡುತ್ತವೆ. ಇದೇ ಪ್ರತಿದೀಪ್ತಿ. 1852ರಲ್ಲಿ ಸ್ಟೋಕ್ಸ್ ಎಂಬ ವಿಜ್ಞಾನಿ ಫ್ಲೋರೈಟ್ ಖನಿಜದ ನೆನಪಿಗೆ ಇದನ್ನು ಫ್ಲೋರೆಸೆನ್ಸ್ ಎಂದು ಕರೆದರು. ಟ್ಯೂಬ್‌ಲೈಟಿನ ಒಳಗೆ ಬಳಿದ ಬಿಳಿ ಪುಡಿ ಮಾಡುವುದೂ ಇದೇ ಕೆಲಸ.

ನಮ್ಮ ನಾಡಿನಲ್ಲೇ ಇದಕ್ಕೆ ಸೊಗಸಾದ ಉದಾಹರಣೆ ಇದೆ. 2001ರಲ್ಲಿ ಮುಚ್ಚಿದ ಕೋಲಾರದ ಚಿನ್ನದ ಗಣಿಗಳ ಶಿಲೆಯಲ್ಲಿ ಶೀಲೈಟ್ ಎಂಬ ಖನಿಜವೂ ಸಿಗುತ್ತದೆ. ಬಲ್ಬಿನ ತಂತಿಗೆ ಬಳಸುವ ಟಂಗ್‌ಸ್ಟನ್ ಲೋಹದ ಅದಿರು ಅದು. ಬಿಳಿಯ ಶೀಲೈಟ್ ಬಿಳಿಯ ಬೆಣಚುಕಲ್ಲಿನೊಂದಿಗೆ ಬೆರೆತಿದ್ದರೆ ಹಗಲಿನಲ್ಲಿ ಪಳಗಿದ ಕಣ್ಣೂ ಮೋಸಹೋಗುತ್ತದೆ. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಶೀಲೈಟ್ ತಿಳಿನೀಲಿಯಾಗಿ ಬೆಳಗುತ್ತದೆ, ಬೆಣಚುಕಲ್ಲು ಕಪ್ಪಾಗೇ ಉಳಿಯುತ್ತದೆ. ಅದಕ್ಕೇ ಭೂವಿಜ್ಞಾನಿಗಳು ಇದನ್ನು ಹುಡುಕಲು ರಾತ್ರಿ ದೀಪ ಹಿಡಿದು ಹೊರಡುತ್ತಾರೆ! (ಗಣಿಯ ತ್ಯಾಜ್ಯದ ದಿಬ್ಬಗಳಲ್ಲಿ ಸೈನೈಡ್ ಬೆರೆತಿದೆ. ನೀವು ಅಲ್ಲಿಗೆ ಹೋಗಬೇಡಿ.)

ಆದರೆ ಅಂಗಡಿಯ ದೀಪಕ್ಕೆ ಶೀಲೈಟ್ ಓಗೊಡುವುದಿಲ್ಲ. ಆ ದೀಪದ್ದು ಉದ್ದ ತರಂಗದ ಕಿರಣ. ಶೀಲೈಟಿಗೆ ಬೇಕಾದದ್ದು ಸುಮಾರು 254 ನ್ಯಾನೊಮೀಟರಿನ ಗಿಡ್ಡ ತರಂಗ. ಹೀಗಾಗಿ ಒಂದು ದೀಪಕ್ಕೆ ಹೊಳೆಯದ ಕಲ್ಲು ಇನ್ನೊಂದಕ್ಕೆ ಹೊಳೆಯಬಹುದು. ಗಿಡ್ಡ ತರಂಗ ಕಣ್ಣು, ಚರ್ಮಗಳಿಗೆ ಅಪಾಯಕಾರಿ. ಅದನ್ನು ನೀವು ಮುಟ್ಟುವಂತಿಲ್ಲ. ಅಂಗಡಿಯ ದೀಪವನ್ನೂ ಶಿಕ್ಷಕರ ಎದುರಿನಲ್ಲೇ ಬಳಸಿ, ಯಾರ ಕಣ್ಣಿಗೂ ಹಿಡಿಯಬೇಡಿ.

ಕಲ್ಲು ಸಂಗ್ರಹಿಸುವಾಗ ಬರಿಯ ನೀರಿನಲ್ಲಿ ತೊಳೆಯಿರಿ. ಬಟ್ಟೆ ಸೋಪಿನ ಪುಡಿ ಅಂಟಿದ್ದರೆ ಅದೇ ನೀಲಿಯಾಗಿ ಹೊಳೆದು, ಅಪರೂಪದ ಕಲ್ಲು ಸಿಕ್ಕಿತೆಂದು ನೀವು ಕುಣಿದಾಡೀರಿ! ಸುಣ್ಣದ ಕಲ್ಲುಗಳನ್ನು ಮೊದಲು ಪರೀಕ್ಷಿಸಿ; ಅವುಗಳಲ್ಲಿರುವ ಕ್ಯಾಲ್ಸೈಟ್ ಕೆಲವೊಮ್ಮೆ ಹೊಳೆಯುತ್ತದೆ. ಪ್ರತಿ ಕಲ್ಲಿಗೂ ಸಂಖ್ಯೆ ಕೊಟ್ಟು, ಸಿಕ್ಕ ಜಾಗ, ಹಗಲಿನ ಬಣ್ಣ, ದೀಪದಡಿಯ ಬಣ್ಣ ಬರೆದಿಡಿ. ಹೊಳೆಯದಿದ್ದರೆ ಅದನ್ನೂ ಬರೆಯಿರಿ, ಯಾವ ದೀಪಕ್ಕೆ ಎಂಬುದನ್ನು ಸೇರಿಸಿ.